ಇಂಡಿಯಾನಾ ಜೋನ್ಸ್ ಪಾತ್ರಕ್ಕೆ ಬೇರೆ ನಟ ಬರಬೇಕಾ? ಬರಬೇಕು, ಯಾಕೆಂದರೆ...

ನೀವು ಕೇಳಿರುವುದು ಇಷ್ಟು: ಹ್ಯಾರಿಸನ್ ಫೋರ್ಡ್‌ಗೆ ವಯಸ್ಸಾಯಿತು, ಇನ್ನು ಟೋಪಿ ಹಾಕಿ ಚಾವಟಿ ಹಿಡಿದು ಸಾಹಸಕ್ಕೆ ಹೊರಡುವ ಪುರಾತತ್ವದ ಪ್ರೊಫೆಸರ್ ಇಂಡಿಯಾನಾ ಜೋನ್ಸ್, ಅಂದರೆ ಇಂಡಿ, ಅವನ ಪಾತ್ರವನ್ನು ಬೇರೆಯವರಿಗೆ ಕೊಡಬೇಕಾ, ಇಲ್ಲಾ ಸರಣಿಯನ್ನು ಅಲ್ಲಿಗೇ ನಿಲ್ಲಿಸಬೇಕಾ? ಕೊಡುವುದಾದರೆ ಯಾರಿಗೆ?

ಕೊಡಬೇಕು. 2008ರ ನಾಲ್ಕನೇ ಚಿತ್ರಕ್ಕೆ ಮೊದಲೇ ಕೊಡಬೇಕಿತ್ತು. ಹೀಗಂದರೆ ನಮ್ಮ ಆಫೀಸಿನಲ್ಲಿ ಇಬ್ಬರು ನನ್ನ ಜೊತೆ ಊಟಕ್ಕೆ ಕೂರುವುದಿಲ್ಲ. ಕೂರದಿದ್ದರೆ ಬೇಡ ಬಿಡಿ.

ಫೋರ್ಡ್ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ಅವರನ್ನು ಉಳಿಸಿಕೊಳ್ಳಲು ಸರಣಿ ತೆತ್ತ ಬೆಲೆಯ ಬಗ್ಗೆ. ಮೊದಲ ಚಿತ್ರ ಬಂದದ್ದು 1981ರಲ್ಲಿ, ಕಥೆ ನಡೆಯುವುದು 1936ರಲ್ಲಿ. ಎರಡನೆಯದು 1984ರದು, ಕಥೆ 1935ರದು. ಮೂರನೆಯದು 1989ರದು, ಕಥೆ 1938ರದು. ಅಂದರೆ ನಟನಿಗೆ ವಯಸ್ಸಾಗುತ್ತಿದ್ದರೂ ಕಥೆ ಆ ಮೂರು ವರ್ಷ ಬಿಟ್ಟು ಕದಲಲಿಲ್ಲ. ಆ ಕಾಲವೇ ಈ ಸಿನಿಮಾಗಳ ಜೀವ. ನಾಜಿಗಳು, ಪ್ರೊಪೆಲರ್ ವಿಮಾನ, ಭೂಪಟದ ಮೇಲೆ ಓಡುವ ಕೆಂಪು ಗೆರೆ, ಇನ್ನೂ ಯಾರೂ ಕಾಲಿಡದ ಗುಹೆ ಇದ್ದೀತು ಅಂತ ನಂಬಬಹುದಾದ ಜಗತ್ತು. ಕಥೆ ಹುಟ್ಟಿಸಿದ ಜಾರ್ಜ್ ಲ್ಯೂಕಾಸ್ ಮತ್ತು ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ ಇದನ್ನು ಕಟ್ಟಿದ್ದೇ 1930-40ರ ದಶಕದ ಕಂತು ಸಿನಿಮಾಗಳ ನೆನಪಿನಲ್ಲಿ. ವಾರಕ್ಕೊಂದು ಕಂತು, ಪ್ರತಿ ಕಂತಿನ ಕೊನೆಗೂ ಹೀರೋ ಪ್ರಪಾತದ ಅಂಚಿನಲ್ಲಿ ನೇತಾಡುತ್ತಿರಬೇಕು, ಆ ಥರದವು.

ಆಮೇಲೆ ಏನಾಯಿತು? 2008ರ ಹೊತ್ತಿಗೆ ಫೋರ್ಡ್‌ಗೆ 65 ದಾಟಿತ್ತು. 65ರ ಮನುಷ್ಯನನ್ನು 1938ರಲ್ಲಿ ತೋರಿಸಲು ಆಗುವುದಿಲ್ಲವಲ್ಲ, ಅದಕ್ಕೇ ಕಥೆಯನ್ನು 1957ಕ್ಕೆ ತಳ್ಳಿದರು. ಸೋವಿಯತ್ ಸೈನಿಕರು ಬಂದರು, ಅಣುಬಾಂಬ್ ಪರೀಕ್ಷೆ ಬಂತು, ಫ್ರಿಜ್ಜಿನೊಳಗೆ ಕೂತು ಹೀರೋ ಬದುಕಿ ಉಳಿದ, ಕೊನೆಗೆ ಅನ್ಯಲೋಕದವರೂ ಬಂದರು. 2023ರ ಐದನೇ ಚಿತ್ರದಲ್ಲಿ ಕಥೆ 1969ಕ್ಕೆ ಹೋಯಿತು. ಮನುಷ್ಯ ಚಂದ್ರನ ಮೇಲೆ ಇಳಿದು ನ್ಯೂಯಾರ್ಕ್‌ನಲ್ಲಿ ಮೆರವಣಿಗೆ ನಡೆಯುತ್ತಿದೆ, ನಮ್ಮ ಪ್ರೊಫೆಸರ್ ಅದರ ನಡುವೆ ಕುದುರೆ ಓಡಿಸುತ್ತಿದ್ದಾರೆ. ನೋಡಲು ಮಜಾ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಟ ಬದಲಾಗಬಾರದು ಅಂತ ಹಟ ಹಿಡಿದು ಕಾಲವನ್ನೇ ಬದಲಾಯಿಸಿಬಿಟ್ಟರು. ಎರಡರಲ್ಲಿ ಯಾವುದು ಹೋದರೆ ಜಾಸ್ತಿ ನಷ್ಟ ಅಂತ ಯಾರೂ ಯೋಚಿಸಿದಂತೆ ಕಾಣುವುದಿಲ್ಲ.

ಜೇಮ್ಸ್ ಬಾಂಡ್ ಮಾತು ಇಲ್ಲಿ ಬಂದೇ ಬರುತ್ತದೆ. ‘ಬಾಂಡ್ ಬದಲಾಗಬಹುದು, ಇಂಡಿ ಆಗಬಾರದು’ ಅನ್ನುತ್ತಾರೆ ಜನ. ನನಗೆ ಇದು ತಲೆಕೆಳಗಾದ ವಾದ ಅನ್ನಿಸುತ್ತದೆ. ಬಾಂಡ್ 1962ರಿಂದಲೂ ಸಿನಿಮಾ ತೆಗೆದ ವರ್ಷದಲ್ಲೇ ಇದ್ದಾನೆ, ಅವನಿಗೆ ತನ್ನದೇ ಅಂತ ಒಂದು ಕಾಲ ಇಲ್ಲ. ಅವನು ನಟನ ಜೊತೆಗೇ ವಯಸ್ಸಾಗಿ ರಿಟೈರ್ ಆದರೂ ಕಥೆಗೆ ಅಷ್ಟೇನೂ ಧಕ್ಕೆ ಇರುತ್ತಿರಲಿಲ್ಲ. ಕಾಲಕ್ಕೆ ಅಂಟಿಕೊಂಡಿರುವವನು ಇಂಡಿ. ಅದಕ್ಕೇ ನಟ ಬದಲಾಗಬೇಕಾದ್ದು ಇವನಿಗೆ.

ಇನ್ನೊಂದು ವಿಷಯ. ಬೇರೆ ನಟರು ಆಗಲೇ ಬಂದು ಹೋಗಿದ್ದಾರೆ, ನಾವು ಮರೆತಿದ್ದೇವೆ ಅಷ್ಟೆ. 1992ರಲ್ಲಿ ಶುರುವಾದ ಟಿವಿ ಸರಣಿಯಲ್ಲಿ ಮೂರು ಜನ ಇಂಡಿ ಇದ್ದರು: ಬಾಲಕನಾಗಿ ಕೋರಿ ಕ್ಯಾರಿಯರ್, ಯುವಕನಾಗಿ ಶಾನ್ ಪ್ಯಾಟ್ರಿಕ್ ಫ್ಲಾನರಿ, 90 ದಾಟಿದ ಮುದುಕನಾಗಿ ಜಾರ್ಜ್ ಹಾಲ್. ಅದರಲ್ಲಿ ಬಾಲಕ ಇಂಡಿ 1910ರಲ್ಲಿ ಕಾಶಿಗೂ ಬರುತ್ತಾನೆ, ಅಲ್ಲಿ ಅವನಿಗೆ ಹುಡುಗ ಜಿಡ್ಡು ಕೃಷ್ಣಮೂರ್ತಿ ಸಿಗುತ್ತಾನೆ. ಎಷ್ಟು ಜನಕ್ಕೆ ಗೊತ್ತು ಇದು? 2024ರ ಡಿಸೆಂಬರ್‌ನಲ್ಲಿ ಬಂದ ವಿಡಿಯೋ ಗೇಮ್‌ನಲ್ಲಿ ಮುಖ ಮಾತ್ರ ಫೋರ್ಡ್‌ರದು, ಧ್ವನಿ ಮತ್ತು ಅಭಿನಯ ಟ್ರಾಯ್ ಬೇಕರ್‌ರದು. ಕಥೆ ನಡೆಯುವುದು 1937ರಲ್ಲಿ, ಅಂದರೆ ಎಲ್ಲಿರಬೇಕೋ ಅಲ್ಲೇ! ಫೋರ್ಡ್ ಸ್ವತಃ ಬೇಕರ್ ಕೆಲಸವನ್ನು ಬಾಯಿ ತುಂಬ ಹೊಗಳಿದ್ದಾರೆ.

ಇವೆಲ್ಲಕ್ಕಿಂತ ದೊಡ್ಡ ಸಾಕ್ಷಿ ಮೂರನೇ ಚಿತ್ರದ ಮೊದಲ ಭಾಗ. 1912, ಯೂಟಾ ರಾಜ್ಯ, ರೈಲಿನ ಮೇಲೆ ಓಡುತ್ತಿರುವ ಹುಡುಗ. ಆ ಹುಡುಗ ರಿವರ್ ಫೀನಿಕ್ಸ್. ಹಾವಿನ ಭಯ, ಚಾವಟಿ, ಗಲ್ಲದ ಗಾಯ, ಎಲ್ಲಕ್ಕೂ ಅಲ್ಲೇ ಕಾರಣ ಸಿಗುತ್ತದೆ. ಕೊನೆಗೆ ಒಬ್ಬ ಬಂದು ತನ್ನ ಟೋಪಿಯನ್ನು ಹುಡುಗನ ತಲೆಯ ಮೇಲೆ ಇಡುತ್ತಾನೆ. ಹುಡುಗ ತಲೆ ತಗ್ಗಿಸುತ್ತಾನೆ. ಅದೇ ಟೋಪಿಯ ಅಂಚು ಮೇಲೇಳುತ್ತದೆ, ಅಡಿಯಲ್ಲಿ ಫೋರ್ಡ್, 26 ವರ್ಷ ಕಳೆದಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ನಟ ಬದಲಾದ, ಥಿಯೇಟರ್‌ನಲ್ಲಿ ಶಿಳ್ಳೆ ಬಿತ್ತು. ಫೀನಿಕ್ಸ್ 1986ರಲ್ಲೇ ಬೇರೊಂದು ಚಿತ್ರದಲ್ಲಿ ಫೋರ್ಡ್‌ಗೆ ಮಗನಾಗಿ ನಟಿಸಿದ್ದರು, ಆ ಮನುಷ್ಯನನ್ನು ಹತ್ತಿರದಿಂದ ನೋಡಿದ್ದರು. ಆ ಕೆಲಸದಲ್ಲಿ ಅದು ಕಾಣುತ್ತದೆ. 1993ರಲ್ಲಿ ಅವರು ತೀರಿಕೊಳ್ಳದೇ ಹೋಗಿದ್ದರೆ ನಿಮ್ಮ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲವೇನೋ.

ನಾನು ಮುಂಬೈನಲ್ಲಿ ಬೆಳೆದ ಕರಾವಳಿಯವನು. ಇಲ್ಲಿ ಮಳೆಗಾಲ ಬಂತೆಂದರೆ ಊರಿನ ಯಕ್ಷಗಾನ ಕಲಾವಿದರು ಬರುತ್ತಾರೆ, ಆಟಗಳ ಋತು ಮುಗಿಯುವ ಪತ್ತನಾಜೆ ಕಳೆದು ಊರಲ್ಲಿ ಮೇಳದ ತಿರುಗಾಟ ನಿಂತಿರುತ್ತದೆ ನೋಡಿ. ಮಾಟುಂಗಾದಲ್ಲೋ ಮುಲುಂಡ್‌ನಲ್ಲೋ ಆಟ ಇದೆ ಅಂತ ಗೊತ್ತಾದರೆ ನಮ್ಮ ಅಪ್ಪ ಮೊದಲು ಕೇಳುವುದು ಪ್ರಸಂಗ ಯಾವುದು ಅಂತ, ಎರಡನೆಯದು ‘ಇವತ್ತು ಕೀಚಕ ಯಾರಂತೆ?’. ಕೀಚಕ ಅದೇ, ಮಾಡುವವರು ಬೇರೆ. ಒಬ್ಬರ ಕೀಚಕ ಗತ್ತಿನವನು, ಇನ್ನೊಬ್ಬರದು ಲಂಪಟ, ಮತ್ತೊಬ್ಬರದು ಪಾಪ ಅನ್ನಿಸುವವನು. ರಾತ್ರಿಯಿಡೀ ನಡೆಯುವ ಆಟದಲ್ಲಿ ಒಂದೇ ಪಾತ್ರವನ್ನು ಮೊದಲರ್ಧಕ್ಕೊಬ್ಬರು, ಬೆಳಗಿನ ಜಾವಕ್ಕೊಬ್ಬರು ಹಂಚಿಕೊಳ್ಳುವುದೂ ಉಂಟು. ‘ಅಯ್ಯೋ, ಮುಖ ಬದಲಾಯಿತು’ ಅಂತ ಯಾರೂ ಎದ್ದು ಹೋಗುವುದಿಲ್ಲ. ಇಂಡಿ ಕೂಡ ಒಂದು ವೇಷ. ಮೊದಲ ಚಿತ್ರದಲ್ಲಿ ಅವನ ಪ್ರವೇಶ ಹೇಗಿದೆ ನೆನಪು ಮಾಡಿಕೊಳ್ಳಿ. ಮೊದಲು ಬೆನ್ನು, ಟೋಪಿ, ಕೈ. ಹಿಂದಿನಿಂದ ಒಬ್ಬ ಪಿಸ್ತೂಲು ತೆಗೆದಾಗ ಚಾವಟಿ ಬೀಸುತ್ತದೆ, ಆಮೇಲಷ್ಟೇ ಮುಖ ನೆರಳಿನಿಂದ ಬೆಳಕಿಗೆ ಬರುವುದು. ನಮ್ಮ ಯಕ್ಷಗಾನದ ರಾಕ್ಷಸನ ಬಣ್ಣದ ವೇಷ ತೆರೆಯ ಹಿಂದಿನಿಂದ ಚೂರುಚೂರೇ ಕಾಣಿಸಿಕೊಂಡು ಬರುವುದಿಲ್ಲವೇ, ಅದೇ ಲೆಕ್ಕ.

ಹಾಗಂತ ಎಲ್ಲಾ ಹೀರೋಗಳಿಗೂ ಇದನ್ನು ಅನ್ವಯಿಸಲು ಹೋದರೆ ಏಟು ತಿನ್ನುತ್ತೇವೆ. ರಾಜ್‌ಕುಮಾರ್ ಅವರ ಸಿಐಡಿ 999 ಇದೆಯಲ್ಲ, 1968ರಲ್ಲಿ ಎರಡು ಸಿನಿಮಾ, 1969ರಲ್ಲಿ ಒಂದು, 1978ರಲ್ಲಿ ಒಂದು. ಒಂದರ ಕಥೆ ನಡೆಯುವುದು ಇಲ್ಲೇ ಪಕ್ಕದ ಗೋವಾದಲ್ಲಿ. ಆ ಪಾತ್ರಕ್ಕೆ ಬೇರೆಯವರು ಬೇಕಾ ಅಂತ ನೀವು ಕೇಳಿದ್ದರೆ ಬೇಡವೇ ಬೇಡ ಅನ್ನುತ್ತಿದ್ದೆ. ಅಲ್ಲಿ ಜನ ಹೋದದ್ದು ಅಣ್ಣಾವ್ರನ್ನು ನೋಡಲು, 999 ಅನ್ನುವುದು ಅವರು ಆವತ್ತು ಹಾಕಿಕೊಂಡ ಕೋಟು. ಇಂಡಿ ಕಥೆ ಹಾಗಲ್ಲ. 1980ರಲ್ಲಿ ಆ ಪಾತ್ರಕ್ಕೆ ಮೊದಲು ಆಯ್ಕೆಯಾಗಿದ್ದವರು ನಟ ಟಾಮ್ ಸೆಲೆಕ್. ಟಿವಿ ಧಾರಾವಾಹಿಯ ಒಪ್ಪಂದ ಇತ್ತು, ಚಾನೆಲ್‌ನವರು ಬಿಡಲಿಲ್ಲ. ಶೂಟಿಂಗ್ ಹತ್ತಿರ ಬಂದಾಗ ಫೋರ್ಡ್ ಬಂದರು. ಟೋಪಿ, ಚಾವಟಿ, ಹೆಸರು ಎಲ್ಲ ಅಷ್ಟರಲ್ಲಿ ತಯಾರಿತ್ತು. ಅಂದರೆ ಫೋರ್ಡ್ ಕೂಡ ಬೇರೊಬ್ಬರಿಗೆ ಇಟ್ಟ ಜಾಗಕ್ಕೆ ಬಂದವರೇ.

ಫೋರ್ಡ್ ಕೊಟ್ಟದ್ದು ಕಡಿಮೆ ಅಂತ ಅರ್ಥವಲ್ಲ. ಟ್ಯುನೀಷಿಯಾದಲ್ಲಿ ಅವರಿಗೆ ಹೊಟ್ಟೆ ಕೆಟ್ಟು ಭೇದಿ ಶುರುವಾಗಿ, ಕತ್ತಿ ಬೀಸುವವನ ಜೊತೆಗಿನ ಉದ್ದದ ಹೊಡೆದಾಟ ಮಾಡಲು ತ್ರಾಣವಿಲ್ಲದೆ, ಸುಮ್ನೆ ಗುಂಡು ಹಾರಿಸಿ ಮುಗಿಸಿದ ದೃಶ್ಯ ಎಲ್ಲರಿಗೂ ಗೊತ್ತು. ಏಟು ಬಿದ್ದರೆ ನಿಜವಾಗಿ ನೋವಾದವನಂತೆ ಕಾಣುವ ಹೀರೋ ಅವರು. ಹೊಸಬರು ಇದನ್ನು ಉಳಿಸಿಕೊಳ್ಳಬೇಕು. ಆ ಸೊಟ್ಟ ನಗುವನ್ನು ನಕಲು ಮಾಡುವುದು ಬೇಡ.

‘ನಾನು ಹೋದರೆ ಇಂಡಿಯಾನಾ ಜೋನ್ಸೂ ಹೋದ’ ಅನ್ನುವ ಅರ್ಥದ ಮಾತನ್ನು ಫೋರ್ಡ್ 2019ರಲ್ಲಿ ಟಿವಿಯಲ್ಲಿ ಆಡಿದ್ದರು. ಅದನ್ನು ಹಿಡಿದುಕೊಂಡು ವಾದ ಮಾಡುವವರು ಬಹಳ. ನಟನಿಗೆ ಹಾಗೆ ಅನ್ನಿಸುವುದು ಸಹಜ, ಗೌರವ ಕೊಡೋಣ. ನಿರ್ಧಾರ ಅವರದಲ್ಲ.

ಸ್ವಲ್ಪ ಗಟ್ಟಿ ವಾದ ಅಂದರೆ ಸ್ಟಾರ್ ವಾರ್ಸ್ ಸರಣಿಯ 2018ರ ಹಾನ್ ಸೋಲೋ ಚಿತ್ರದ್ದು. ಅದೂ ಫೋರ್ಡ್ ಮಾಡಿದ ಪಾತ್ರ, ಆಲ್ಡನ್ ಏರನ್‌ರೈಕ್ ಬಂದರು, ಸಿನಿಮಾ ಬಿತ್ತು, ಫೋರ್ಡ್ ಜಾಗಕ್ಕೆ ಇನ್ನೊಬ್ಬರು ಆಗಲ್ಲ ಅಂತ ಹಾಲಿವುಡ್ ಪಾಠ ಕಲಿತುಬಿಟ್ಟಿತು. ಆದರೆ ಆ ಚಿತ್ರದ ನಿರ್ದೇಶಕರನ್ನು ಶೂಟಿಂಗ್ ನಡುವೆಯೇ ತೆಗೆದು ರಾನ್ ಹವರ್ಡ್‌ರನ್ನು ತಂದರು, ಬಹಳಷ್ಟು ಮತ್ತೆ ಶೂಟ್ ಮಾಡಿದರು, ಖರ್ಚು ವಿಪರೀತ ಆಯಿತು. ಹಿಂದಿನ ಸ್ಟಾರ್ ವಾರ್ಸ್ ಚಿತ್ರ ಬಂದು ಐದೇ ತಿಂಗಳಿಗೆ ಬಿಡುಗಡೆ ಬೇರೆ. ಅಷ್ಟೆಲ್ಲ ಆದಮೇಲೆ ತಪ್ಪು ಹುಡುಗನ ಮುಖದ್ದು ಅಂದರೆ ಹೇಗೆ?

ಬೇರೆ ನಟ ಬೇಡ ಅಂತ ಇಂಡಿ ಚಿತ್ರಗಳನ್ನು ಮಾಡುವವರು ಹಿಡಿದ ಬೇರೆ ದಾರಿಗಳನ್ನೂ ನೋಡಿದ್ದೇವೆ. ಒಂದು, ವಾರಸುದಾರ. 2008ರಲ್ಲಿ ಮಗನನ್ನು ತಂದರು, ಕೊನೆಯ ದೃಶ್ಯದಲ್ಲಿ ಟೋಪಿ ಗಾಳಿಗೆ ಹಾರಿ ಅವನ ಕಾಲ ಬಳಿ ಬಿತ್ತು, ಅಪ್ಪ ಕಿತ್ತುಕೊಂಡ. 2023ರ ಹೊತ್ತಿಗೆ ಆ ಮಗ ವಿಯೆಟ್ನಾಂ ಯುದ್ಧದಲ್ಲಿ ಸತ್ತಿದ್ದ. ಪ್ರೇಕ್ಷಕರಿಗೆ ಅವನು ಹಿಡಿಸಲಿಲ್ಲ ಅಂತ ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಬರುವುದಿಲ್ಲ! ಎರಡು, ಕಂಪ್ಯೂಟರ್. 2023ರ ಚಿತ್ರದ ಮೊದಲ 25 ನಿಮಿಷದಷ್ಟು 1944ರಲ್ಲಿ ನಡೆಯುತ್ತದೆ, ಫೋರ್ಡ್ ಮುಖದ ಸುಕ್ಕು ಅಳಿಸಿ ಹಳೇ ಫೂಟೇಜ್ ಸಹಾಯದಿಂದ ಪ್ರಾಯದವರನ್ನಾಗಿ ಮಾಡಿದ್ದಾರೆ. ಕೆಲಸ ಅಚ್ಚುಕಟ್ಟು. ಆದರೆ ಬಾಯಿ ಬಿಟ್ಟರೆ 80ರ ಗಂಟಲು, ಓಡಿದರೆ ದೇಹ ಒಂದು ಹೇಳುತ್ತದೆ ಮುಖ ಇನ್ನೊಂದು. ಸುಮಾರು 30 ಕೋಟಿ ಡಾಲರ್ ಸುರಿದ ಚಿತ್ರ ಜಗತ್ತಿನಾದ್ಯಂತ ಗಳಿಸಿದ್ದು 38 ಕೋಟಿ ಚಿಲ್ಲರೆ, ಅದರಲ್ಲೂ ಥಿಯೇಟರ್‌ನವರ ಪಾಲು ಕಳೆಯಬೇಕು. ಅದೇ 1944ರ ಕಥೆಯನ್ನು 38 ವಯಸ್ಸಿನ ಒಬ್ಬ ಜೀವಂತ ನಟನ ಕೈಲಿ ಪೂರ್ತಿ ಎರಡು ಗಂಟೆ ಮಾಡಿಸಿದ್ದರೆ?

ಮುಂಬೈನವನಾಗಿ ಒಂದು ಮಾತು ಸೇರಿಸಲೇಬೇಕು. ಎರಡನೇ ಚಿತ್ರದ ಕಥೆ ನಮ್ಮ ದೇಶದಲ್ಲಿ ನಡೆಯುವಂಥದ್ದು. ಸ್ಕ್ರಿಪ್ಟ್ ನೋಡಿ ಭಾರತ ಸರ್ಕಾರ ಬದಲಾವಣೆ ಕೇಳಿತು, ಚಿತ್ರತಂಡದವರು ಒಪ್ಪದೆ ಶ್ರೀಲಂಕಾದ ಕ್ಯಾಂಡಿ ಕಡೆ ಹೋದರು. ಅದಕ್ಕೇ ಆ ಭಾರತೀಯ ಹಳ್ಳಿಯ ಜನ ಸಿಂಹಳ ಮಾತಾಡುತ್ತಾರೆ. ಅರಮನೆಯ ಊಟದಲ್ಲಿ ಕೋತಿ ಮಿದುಳು, ಕಣ್ಣುಗುಡ್ಡೆ ಸೂಪು, ಹಾವಿನ ಹೊಟ್ಟೆಯಿಂದ ಮರಿಹಾವು. ಹೋಟೆಲಿನವರ ಮನೆಯಲ್ಲಿ ಹುಟ್ಟಿದ ನನಗೆ ಆ ದೃಶ್ಯ ಇವತ್ತಿಗೂ ನಗು ಮತ್ತು ಸಿಟ್ಟು ಎರಡನ್ನೂ ತರಿಸುತ್ತದೆ. ಆದರೂ ಆ ಚಿತ್ರದಲ್ಲಿ ಫೋರ್ಡ್ ಎದುರು ನಿಂತು ಕಣ್ಣು ಸೆಳೆಯುವವರು ಒಬ್ಬರೇ, ಖಳನಾದ ನಮ್ಮ ಅಮರೀಶ್ ಪುರಿ. ಇದೇ ಊರಿನಲ್ಲಿ ಇಎಸ್‌ಐ ಆಫೀಸಿನಲ್ಲಿ ವರ್ಷಗಟ್ಟಲೆ ನೌಕರಿ ಮಾಡುತ್ತಾ ನಾಟಕ ಮಾಡಿದವರು, 1973ರಲ್ಲಿ ಕಾರ್ನಾಡರ ‘ಕಾಡು’ ಚಿತ್ರದಲ್ಲಿ ಕನ್ನಡದ ಗೌಡರಾಗಿ ನಿಂತವರು. ಈ ಪಾತ್ರಕ್ಕಾಗಿ ತಲೆ ಬೋಳಿಸಿಕೊಂಡರು, ಆಮೇಲೆ ಅದೇ ಅವರ ಗುರುತಾಯಿತು. ಇಷ್ಟು ಯಾಕೆ ಹೇಳಿದೆ ಅಂದರೆ, ಈ ಸರಣಿಗೆ ಹೀರೋಗಿಂತ ಮೊದಲು ಹುಡುಕಬೇಕಾದ್ದು ಹಾಗೆ ಎದುರು ನಿಲ್ಲುವವರನ್ನು. ಕೊನೆಯ ಎರಡು ಚಿತ್ರಗಳ ಖಳರಲ್ಲಿ ನಿಮಗೆ ಯಾರ ಹೆಸರು ನೆನಪಿದೆ ಹೇಳಿ ನೋಡೋಣ.

ಇನ್ನು ಯಾರಿಗೆ ಕೊಡಬೇಕು ಅನ್ನುವುದು. ದೊಡ್ಡ ಸ್ಟಾರ್‌ಗೆ ಬೇಡ. ಈಗಾಗಲೇ ಇನ್ನೊಂದು ಸೂಪರ್‌ಹೀರೋ ಬಟ್ಟೆ ಹಾಕಿದವರು ಬೇಡವೇ ಬೇಡ, ಟೋಪಿ ಅಡಿಯಲ್ಲಿ ಆ ಇನ್ನೊಬ್ಬನೇ ಕಾಣುತ್ತಾನೆ. ಮೊದಲ ಚಿತ್ರದ ಶೂಟಿಂಗ್ ವೇಳೆ ಫೋರ್ಡ್‌ಗೆ 38 ತುಂಬಿತು, ಪ್ರೊಫೆಸರ್ ಅಂತ ನಂಬಲು ಅಷ್ಟಾದರೂ ಬೇಕು. 35-38ರ ಆಸುಪಾಸಿನ ನಾಟಕದವರು ಯಾರಾದರೂ ಸಿಗಲಿ, ನಾಲ್ಕು ಏಟು ತಿಂದು ನರಳಲು ಬರಬೇಕು, ಜೊತೆಗೆ ಕ್ಲಾಸಿನಲ್ಲಿ ನಿಂತು ಪಾಠ ಮಾಡಿದರೂ ನಂಬುವಂತಿರಬೇಕು. ಮೂರು ಚಿತ್ರಕ್ಕೆ ಒಟ್ಟಿಗೇ ಸಹಿ ಹಾಕಿಸಿ ಎಂಟು ವರ್ಷದೊಳಗೆ ಮುಗಿಸಲಿ, ಮೊದಲ ಮೂರು ಹಾಗೇ ಮುಗಿದವು. ಜಾನ್ ವಿಲಿಯಮ್ಸ್ ಸಂಗೀತ ಇರಲಿ. ಅವನು ಹೇಗೆ ಇಂಡಿ ಆದ ಅನ್ನುವ ಕಥೆ ಮತ್ತೆ ಬೇಡ, ಫೀನಿಕ್ಸ್ ಅದನ್ನು ಹತ್ತು ಹನ್ನೆರಡು ನಿಮಿಷದಲ್ಲಿ ಮುಗಿಸಿದ್ದಾರೆ. ಫೋರ್ಡ್‌ರನ್ನು ಕರೆತಂದು ಹೊಸಬನ ಬೆನ್ನು ತಟ್ಟಿಸುವ ದೃಶ್ಯವೂ ಬೇಡ. ನೇರ 1937, ಯಾವುದೋ ಬಂದರು, ರಾತ್ರಿ, ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಅಂತ ಶುರು ಮಾಡಲಿ, ಮೊದಲ ದಿನ ಮೊದಲ ಆಟಕ್ಕೆ ನನ್ನ ಟಿಕೆಟ್ ಗ್ಯಾರಂಟಿ.