ಲೋಡು ಬಿದ್ದರೆ ಪಿಕಪ್ ಎಳೆಯದು: ಕ್ರೌನ್ ಬದಲಿಸುವುದೋ, ರೀಮ್ಯಾಪೋ, ಕ್ಲಚ್ಚೋ?

ಪ್ರಶ್ನೆ: ನಮ್ಮದು ಹಿಂದಿನ ಚಕ್ರಗಳು ಎಳೆಯುವ ಡೀಸೆಲ್ ಪಿಕಪ್ ಗಾಡಿ, 1.6 ಲಕ್ಷ ಕಿ.ಮೀ. ಓಡಿದೆ. ಬಳ್ಳಾರಿಗೆ ಭತ್ತ, ಸೀಸನ್ನಿನಲ್ಲಿ ಬ್ಯಾಡಗಿಗೆ ಮೆಣಸಿನಕಾಯಿ ಹೊಡೆಯುತ್ತೇವೆ. ಹೋದ ವರ್ಷ ಕಂಪನಿಯ 215/75 ಆರ್15 ಟೈರ್ ಸವೆದಾಗ 235/75 ಆರ್15 ಹಾಕಿಸಿದೆವು. ಈಗ ಲೋಡಿದ್ದಾಗ ಮೂರರಿಂದ ನಾಲ್ಕನೇ ಗೇರಿಗೆ ಹಾಕಿದರೆ ಗಾಡಿ ಎಳೀವಲ್ದು. ಒಬ್ಬ ಮೆಕ್ಯಾನಿಕ್ ಕ್ರೌನ್-ಪಿನಿಯನ್ (ಹಿಂದಿನ ಆಕ್ಸಲ್‌ನಲ್ಲಿ ಚಕ್ರ ತಿರುಗಿಸುವ ಹಲ್ಲುಚಕ್ರಗಳ ಜೋಡಿ) ಬದಲಿಸಿ ಅಂತಾರೆ, ಇನ್ನೊಬ್ಬರು ಇಸಿಯು ರೀಮ್ಯಾಪ್ (ಎಂಜಿನ್ನಿನ ಕಂಪ್ಯೂಟರ್ ಸೆಟ್ಟಿಂಗ್ ಬದಲಿಸುವುದು), ಮತ್ತೊಬ್ಬರು ಹೆವಿ ಕ್ಲಚ್. ಯಾವುದಕ್ಕೆ ದುಡ್ಡು ಹಾಕೋಣ? – ಕುರುಗೋಡಿನ ಓದುಗರು

ಉತ್ತರ: ಮೂರನ್ನೂ ಸದ್ಯಕ್ಕೆ ಬದಿಗಿಡಿ. ನಿಮ್ಮ ಕಾರಣ ನಿಮ್ಮ ಪತ್ರದಲ್ಲೇ ಇದೆ: ಟೈರು. 215/75 ಆರ್15ರ ವ್ಯಾಸ ಸುಮಾರು 703 ಮಿ.ಮೀ., 235/75 ಆರ್15ರದ್ದು 733. ಚಕ್ರ ಶೇ. 4ರಷ್ಟು ದೊಡ್ಡದಾಯಿತು ಅಂದರೆ ಪ್ರತಿ ಗೇರಿನಲ್ಲೂ ಎಳೆತ ಅಷ್ಟೇ ಕಡಿಮೆಯಾಯಿತು. ಕ್ರೌನಿನಲ್ಲಿ 41 ಹಲ್ಲು, ಪಿನಿಯನ್‌ನಲ್ಲಿ 10 ಇದ್ದರೆ ಅನುಪಾತ 4.10, ಅಂದರೆ ಪಿನಿಯನ್ 4.10 ಸುತ್ತು ತಿರುಗಿದರೆ ಕ್ರೌನ್ ಒಂದು ಸುತ್ತು. ದೊಡ್ಡ ಟೈರಿನಿಂದ ಅದು 3.93ರ ಹಾಗೆ ಕೆಲಸ ಮಾಡುತ್ತಿದೆ. ಸಾಲದ್ದಕ್ಕೆ ಅದು ಕಾರು-ಜೀಪಿನ ಟೈರ್ ಆಗಿದ್ದರೆ ಭಾರ ತಡೆಯುವ ಶಕ್ತಿಯೂ ಕಡಿಮೆ. ಬೇಸಿಗೆಯ ನಮ್ಮ 40 ಡಿಗ್ರಿ ದಾಟಿದ ರಸ್ತೆಯಲ್ಲಿ ಭತ್ತ ಹೇರಿ ಓಡಿಸುವಾಗ ಅದು ಸಿಡಿದರೆ ಜೀವಕ್ಕೇ ಅಪಾಯ. ಮೊದಲು ಕಂಪನಿ ಹೇಳಿದ ಅಳತೆ, ಹೇಳಿದ ಲೋಡ್ ಇಂಡೆಕ್ಸ್‌ನ (ಟೈರು ಎಷ್ಟು ಭಾರ ಹೊರುತ್ತದೆಂದು ಹೇಳುವ ಸಂಖ್ಯೆ) ಟೈರಿಗೆ ಮರಳಿ.

ಆಮೇಲೆ ಎಂಜಿನ್ನಿಗೆ ಗಾಳಿ ಸರಿಯಾಗಿ ಹೋಗುತ್ತಿದೆಯೇ ನೋಡಿ. ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಧೂಳಿನಲ್ಲಿ ಓಡಾಡುವ ಗಾಡಿಯ ಏರ್ ಫಿಲ್ಟರ್ ಸರ್ವಿಸ್ ಪುಸ್ತಕದಲ್ಲಿ ಬರೆದಷ್ಟು ದಿನ ಬಾಳುವುದಿಲ್ಲ. ಟರ್ಬೋದಿಂದ (ಎಂಜಿನ್ನಿಗೆ ಗಾಳಿ ಒತ್ತುವ ಪಂಪು) ಇಂಟರ್‌ಕೂಲರಿಗೆ (ಆ ಗಾಳಿಯನ್ನು ತಂಪು ಮಾಡುವ ಭಾಗ) ಹೋಗುವ ರಬ್ಬರ್ ಪೈಪಿನ ಕ್ಲಿಪ್ಪುಗಳ ಬಳಿ ಕೈಯಾಡಿಸಿ. ಹೊಸದಾಗಿ ಎಣ್ಣೆ ಜಿನುಗಿ ಧೂಳು ಮೆತ್ತಿದ್ದರೆ ಅಲ್ಲಿಂದ ಗಾಳಿ ಸೋರುತ್ತಿರುವ ಅನುಮಾನ ಬಲವಾಗುತ್ತದೆ. ಲೋಡಿನಲ್ಲಿ ಸುಸ್ ಎಂಬ ಸದ್ದು, ಕಪ್ಪು ಹೊಗೆ ಎರಡೂ ಇದ್ದರೆ ಪೈಪ್ ಬಿಚ್ಚಿ ಮಡಚಿ ನೋಡಿ, ಸೀಳು ಒಳಮಗ್ಗುಲಿಗಿರಬಹುದು. ಇಂಟರ್‌ಕೂಲರ್ ರೆಕ್ಕೆಗಳನ್ನು ಸಾಧಾರಣ ನೀರಿನಲ್ಲಿ ತೊಳೆಯಿರಿ. ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ರೆಕ್ಕೆ ಮಡಚಿಕೊಳ್ಳುತ್ತವೆ.

ಕ್ಲಚ್ ಜಾರುತ್ತಿದೆಯೇ ಎಂದು ಒಂದೇ ನಿಮಿಷದಲ್ಲಿ ತಿಳಿಯುತ್ತದೆ. ಸಮತಟ್ಟಾದ ಖಾಲಿ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕಾಲುಬ್ರೇಕನ್ನೂ ಒತ್ತಿ, ನಾಲ್ಕನೇ ಗೇರಿಗೆ ಹಾಕಿ ಕ್ಲಚ್ ಬಿಡಿ. ಎಂಜಿನ್ ತಟ್ಟನೆ ನಿಂತರೆ ಕ್ಲಚ್ ಗಟ್ಟಿ. ತಿರುಗುತ್ತಲೇ ಇದ್ದರೆ ಪ್ಲೇಟ್ ಮುಗಿದಿದೆ. ಒಮ್ಮೆ ಮಾಡಿದರೆ ಸಾಕು, ಪದೇಪದೇ ಮಾಡಿದರೆ ಪ್ಲೇಟ್ ಸುಡುತ್ತದೆ. ಕ್ಲಚ್ ಜಾರದ ಗಾಡಿಗೆ ಹೆವಿ ಕ್ಲಚ್ ಹಾಕಿದರೆ ಪೆಡಲ್ ಬಿಗಿಯಾಗುತ್ತದೆಯೇ ಹೊರತು ಎಳೆತ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ.

ಇಷ್ಟಾದರೂ ಸಾಲದು ಅನ್ನಿಸಿದರೆ ನಮ್ಮ ಮತ ಕ್ರೌನ್-ಪಿನಿಯನ್‌ಗೇ. ರೀಮ್ಯಾಪಿನ ಫಲ ಟರ್ಬೋ ಎದ್ದ ಮೇಲೆ ಕಾಣುವುದು. ಲೋಡು ಹೊತ್ತು ಮೊದಲ ಗೇರಿನಲ್ಲಿ ಹೊರಡುವಾಗ, ಆರ್‌ಪಿಎಂ ಇನ್ನೂ ಕೆಳಗಿರುವಾಗ, ಅದರಿಂದ ಹೆಚ್ಚಿನ ಉಪಯೋಗವಿಲ್ಲ. ಕ್ಲಚ್ಚು, ಗೇರ್‌ಬಾಕ್ಸು, ಟರ್ಬೋ ಮೂರಕ್ಕೂ ಭಾರ ಹೆಚ್ಚು. ಬಿಎಸ್6 ಗಾಡಿಯಾದರೆ ಹೊಗೆ ಹೆಚ್ಚಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕಟ್ಟಿಕೊಳ್ಳಬಹುದು. ಕ್ರೌನ್ ಹಾಗಲ್ಲ, ಎಲ್ಲ ಗೇರಿನಲ್ಲೂ, ಎಲ್ಲ ಆರ್‌ಪಿಎಂನಲ್ಲೂ ಎಳೆತ ಹೆಚ್ಚಿಸುತ್ತದೆ. 4.10 ಬದಲು 41/9, ಅಂದರೆ 4.56 ಹಾಕಿದರೆ ಶೇ. 11ರಷ್ಟು ಹೆಚ್ಚು. ಹಳೆಯ ಅಳತೆಯ ಟೈರೂ ಸೇರಿದರೆ ಈಗಿನದಕ್ಕಿಂತ ಶೇ. 16. ಬದಲಿಗೆ, ಅದೇ ವೇಗಕ್ಕೆ ಎಂಜಿನ್ ಹೆಚ್ಚು ತಿರುಗಬೇಕು: ನೇರ ಗೇರಿನಲ್ಲಿ (ಎಂಜಿನ್ನೂ ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟೂ ಒಂದೇ ವೇಗದಲ್ಲಿ ತಿರುಗುವ ಗೇರ್) 60 ಕಿ.ಮೀ. ವೇಗಕ್ಕೆ ಸುಮಾರು 1,850 ಆರ್‌ಪಿಎಂ ಇದ್ದದ್ದು 2,060 ಆಗುತ್ತದೆ. ಖಾಲಿ ಓಡುವಾಗ ಡೀಸೆಲ್ ಸ್ವಲ್ಪ ಹೆಚ್ಚು ಕುಡಿಯುತ್ತದೆ. ಟಾಪ್ ಸ್ಪೀಡ್ ಹೋಯಿತೆಂಬ ಚಿಂತೆ ಬೇಡ, ಸರಕು ಗಾಡಿಗೆ ಹೇಗೂ 80ರ ಸ್ಪೀಡ್ ಗವರ್ನರ್ ಇದೆ. ಆದರೆ ವೇಗದ ಸೆನ್ಸರ್ ಗೇರ್‌ಬಾಕ್ಸಿನಲ್ಲಿದ್ದರೆ ಮೀಟರ್ 80 ತೋರಿಸುವಾಗ ಗಾಡಿ ನಿಜಕ್ಕೂ 72ರಲ್ಲಿರುತ್ತದೆ, ಗವರ್ನರ್ ಅಲ್ಲೇ ಕಡಿಯುತ್ತದೆ. ಅದನ್ನು ಮೊದಲೇ ಕೇಳಿಕೊಳ್ಳಿ.

ಈಗಿರುವ ಅನುಪಾತ ಎಷ್ಟೆಂದು ಹೌಸಿಂಗ್ (ಕ್ರೌನ್-ಪಿನಿಯನ್ ಕೂತಿರುವ ಹಿಂದಿನ ಆಕ್ಸಲ್ ಪೆಟ್ಟಿಗೆ) ಬಿಚ್ಚದೆ ಎಣಿಸಬಹುದು. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಹಿಂದಿನ ಒಂದೇ ಚಕ್ರವನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡ್ ಇಡಿ. ಚಕ್ರಕ್ಕೂ ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬರುವ ಪ್ರೊಪೆಲ್ಲರ್ ಶಾಫ್ಟಿಗೂ ಸೀಮೆಸುಣ್ಣದ ಗುರುತು ಹಾಕಿ ಚಕ್ರವನ್ನು 20 ಸುತ್ತು ತಿರುಗಿಸಿ. ಇನ್ನೊಂದು ಚಕ್ರ ನೆಲದ ಮೇಲೆ ನಿಂತಿರುವುದರಿಂದ ಇದು ಕ್ರೌನಿನ 10 ಸುತ್ತಿಗೆ ಸಮ. ಶಾಫ್ಟ್ 41 ಸುತ್ತು ತಿರುಗಿದರೆ 4.10, ಹತ್ತಿರ ಹತ್ತಿರ 46 ಆದರೆ 4.56. ಈಗಾಗಲೇ 4.56 ಇದ್ದರೆ ಇನ್ನೂ ಮೇಲಕ್ಕೆ ಹೋಗಬೇಡಿ. ಪಿನಿಯನ್ ಹಲ್ಲು ಕಡಿಮೆಯಾದಷ್ಟೂ ಸವೆತ ಹೆಚ್ಚು.

ಬದಲಿಸುವಾಗ ಚಾಸಿ ನಂಬರ್ ಕೊಟ್ಟು ನಿಮ್ಮ ಹೌಸಿಂಗಿಗೆ ಕಂಪನಿಯೇ ಮಾಡಿದ ಬೇರೆ ಅನುಪಾತ ಇದೆಯೇ ವಿಚಾರಿಸಿ. ಇಲ್ಲವಾದರೆ ಈ ಆಸೆ ಬಿಡಿ. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿ ತೇಯ್ದು ಹೊಂದಿಸಿದವು. ಗುಜರಿಯಲ್ಲಿ ಒಂದು ಇಲ್ಲಿಂದ, ಇನ್ನೊಂದು ಅಲ್ಲಿಂದ ತಂದು ಕೂಡಿಸಿದರೆ ಹಲ್ಲುಗಳ ಕೂಗು ನಿಲ್ಲುವುದೇ ಇಲ್ಲ. ಪಿನಿಯನ್ ಬೇರಿಂಗುಗಳು, ಆಯಿಲ್ ಸೀಲ್ ಹೊಸತಿರಲಿ. ಪಿನಿಯನ್ ಬೇರಿಂಗುಗಳ ನಡುವೆ ಅದುಮಿಕೊಳ್ಳುವ ಸ್ಲೀವ್ ಇರುವ ಹೌಸಿಂಗಾದರೆ ಹಳೆಯ ಸ್ಲೀವನ್ನು ಮತ್ತೆ ಹಾಕಲೇಬಾರದು. ಮೆಕ್ಯಾನಿಕ್ ಡಯಲ್ ಗೇಜ್ ಇಟ್ಟು ಬ್ಯಾಕ್‌ಲ್ಯಾಷ್, ಅಂದರೆ ಹಲ್ಲುಗಳ ನಡುವಿನ ಸಡಿಲ, ಅಳೆಯಬೇಕು (ಇಂಥ ಹೌಸಿಂಗುಗಳಲ್ಲಿ ಸಾಮಾನ್ಯವಾಗಿ 0.13ರಿಂದ 0.20 ಮಿ.ಮೀ., ನಿಮ್ಮ ಮಾದರಿಯ ಮ್ಯಾನುಯಲ್ ಹೇಳಿದ್ದೇ ಅಂತಿಮ). ಹಲ್ಲಿಗೆ ಬಣ್ಣ ಹಚ್ಚಿ ಗುರುತು ಹಲ್ಲಿನ ನಡುವೆ ಬೀಳುತ್ತದೆಯೇ ನೋಡಬೇಕು. ಕೈಯಲ್ಲಿ ಅಲುಗಾಡಿಸಿ "ಸರಿ ಐತಿ" ಅನ್ನುವವರ ಕೈಗೆ ಈ ಕೆಲಸ ಕೊಡಬೇಡಿ. ಜಿಎಲ್-5 ದರ್ಜೆಯ ಗೇರ್ ಆಯಿಲ್ ಹಾಕಿ, ಮೊದಲ 500 ಕಿ.ಮೀ. ಲೋಡು ಹೇರದೆ ಓಡಿಸಿ. ಮೊದಲ ದಿನ 20-30 ಕಿ.ಮೀ.ಗೊಮ್ಮೆ ನಿಲ್ಲಿಸಿ ಹೌಸಿಂಗ್ ಆರಲು ಬಿಡಿ. 500 ಆದ ಮೇಲೆ ಆ ಆಯಿಲ್ ಸುರಿದು ಹೊಸತು ಹಾಕಿ.

ಇನ್ನೊಂದು ಮಾತು. 75 ಕೆಜಿಯ ಭತ್ತದ ಚೀಲ 20 ಅಂದರೇ 1,500 ಕೆಜಿ. ಆರ್‌ಸಿಯಲ್ಲಿ ಬರೆದ ತೂಕ ಮೀರಿ ಹೇರಿದ್ದಕ್ಕೆ ಎಳೆಯದಿದ್ದರೆ ಅದು ಗಾಡಿಯ ದೋಷವಲ್ಲ, ಅನುಪಾತ ಬದಲಿಸಿದರೂ ಬ್ರೇಕ್ ಹಳೆಯದೇ ಇರುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಎರೆ ಹೊಲದ ದಾರಿಯಲ್ಲಿ ಹಿಂದಿನ ಒಂದೇ ಚಕ್ರ ಸುಮ್ಮನೆ ತಿರುಗುತ್ತದೆ. ಡಿಫರೆನ್ಷಿಯಲ್ ಲಾಕ್ ಹಾಕಿಸಿದರೆ ಪಿಕಪ್ಪೂ ಹೆಚ್ಚುತ್ತದೆಯೇ? – ಮಾನ್ವಿಯ ಓದುಗರು

ಉತ್ತರ: ಹಿಂದಿನ ಎರಡೂ ಚಕ್ರಗಳನ್ನು ಒಟ್ಟಿಗೇ ತಿರುಗಿಸುವ ಈ ಲಾಕ್ ಕೆಸರಿನಿಂದ ಹೊರಬರಲು ಒಳ್ಳೆಯದು. ಟಾರು ರಸ್ತೆಯಲ್ಲಿ ವೇಗ ಏರಿಸಲು ಅದರಿಂದ ಏನೂ ಇಲ್ಲ. ಲಾಕ್ ಹಾಕಿಕೊಂಡೇ ಗಟ್ಟಿ ರಸ್ತೆಯಲ್ಲಿ ತಿರುವು ತೆಗೆದರೆ ಆಕ್ಸಲ್ ಶಾಫ್ಟ್ ಮುರಿಯಬಹುದು.

ಪ್ರಶ್ನೆ: ಹೊಸ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್ ಹಾಕಿಸಿದ ಮೇಲೂ ಹೊರಡುವಾಗ ಗಾಡಿ ನಡುಗುತ್ತದೆ. – ಗಂಗಾವತಿಯ ಓದುಗರು

ಉತ್ತರ: ಫ್ಲೈವೀಲ್ (ಕ್ಲಚ್ ಪ್ಲೇಟ್ ಒತ್ತಿ ಹಿಡಿಯುವ ಎಂಜಿನ್ ಚಕ್ರ) ತೇಯಿಸದೆ ಹಾಗೇ ಕೂಡಿಸಿರಬಹುದು. ಅದರ ಮೇಲೆ ನೀಲಿ ಮಚ್ಚೆ, ಕೂದಲೆಳೆ ಬಿರುಕು ಇದ್ದರೆ ಹೊಸ ಪ್ಲೇಟ್ ಸಮನಾಗಿ ಹಿಡಿಯುವುದಿಲ್ಲ. ಆದರೆ ಗೇರ್‌ಬಾಕ್ಸ್ ಇಳಿಸುವ ಮುಂಚೆ ಎಂಜಿನ್ ಮತ್ತು ಗೇರ್‌ಬಾಕ್ಸಿನ ಮೌಂಟಿಂಗ್ ರಬ್ಬರುಗಳನ್ನು ನೋಡಿ, ಸೀಳಿದ್ದರೆ ನಡುಕಕ್ಕೆ ಅದೇ ಸಾಕು. ಇಳಿಸಿದಾಗ ಪ್ಲೇಟಿನ ಮೇಲೆ ಎಣ್ಣೆ ಕಂಡರೆ ಕ್ರ್ಯಾಂಕಿನ ಹಿಂದಿನ ಸೀಲ್ ಅಥವಾ ಗೇರ್‌ಬಾಕ್ಸಿನ ಮುಂದಿನ ಸೀಲ್ ಸೋರುತ್ತಿದೆ. ಹೊಸ ಸೀಲ್ ಹಾಕಿಸಿ. ಎಣ್ಣೆ ಕುಡಿದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಲು ಬಿಡಬೇಡಿ.