ಸವಾರಿ ಕಲಿಯದೆ ಹಳ್ಳಿ ಕಡೆ ಒಂದು ದಿನ ಆರಾಮವಾಗಿ ಕುದುರೆ ಮೇಲೆ ಹೋಗಿಬರಬಹುದಾ? ಶಾಂತ ಕುದುರೆ ಸಿಕ್ಕರೆ ಸಾಕಲ್ವಾ?

ಸಾಲದು. ನಾನು ಬಿದ್ದದ್ದು ತುಂಬಾ ಶಾಂತವಾದ ಕುದುರೆಯ ಮೇಲಿಂದ. ಅದರದ್ದು ಏನೂ ತಪ್ಪಿರಲಿಲ್ಲ.

ನಾನು ಕುಣಿಗಲ್ ಕಡೆಯವನು. ಅಲ್ಲಿನ ಕುದುರೆ ಫಾರಂ ಹಳೇ ಮೈಸೂರು ಸುಲ್ತಾನರ ಕಾಲದ್ದು. ಬೇಲಿಯಾಚೆ ತಾಯಿ ಕುದುರೆಗಳು ಮರಿಗಳ ಜೊತೆ ಮೇಯುವುದನ್ನು ಬಸ್ಸಿನ ಕಿಟಕಿಯಿಂದ ನೋಡುತ್ತಲೇ ಬೆಳೆದೆ. ಅವೆಲ್ಲ ರೇಸಿಗೆಂದು ಸಾಕುವ ಥರೋಬ್ರೆಡ್ ತಳಿ, ಹತ್ತಿರ ಹೋಗುವ ಮಾತೇ ಇರಲಿಲ್ಲ. ಬೆಂಗಳೂರಲ್ಲಿ ಕೆಲಸ ಸಿಕ್ಕಿದ ಮೇಲೆ ಊರಾಚೆಯ ಒಂದು ಸವಾರಿ ಶಾಲೆಗೆ ಸೇರಿದೆ. ಹನ್ನೆರಡು ಕ್ಲಾಸ್ ಆದ ಮೇಲೆ ಒಂದು ಡಿಸೆಂಬರ್ ಭಾನುವಾರ ನಮ್ಮನ್ನು ಹಳ್ಳಿ ದಾರಿಗೆ ಕರೆದುಕೊಂಡು ಹೋದರು. ಮೂವರು ಸವಾರರು, ಮುಂದೆ ಒಬ್ಬ ಮೇಷ್ಟ್ರು.

ನನಗೆ ಕೊಟ್ಟಿದ್ದು ರೇಸ್ ಬಿಟ್ಟು ಎಷ್ಟೋ ವರ್ಷವಾಗಿದ್ದ ಹೆಣ್ಣು ಕುದುರೆ. ಆ ಬೆಳಗ್ಗೆಯನ್ನು ನಾನು ಮರೆಯಲ್ಲ. ಎರಡೂ ಕಡೆ ರಾಗಿ ಕೊಯ್ದ ಹೊಲ, ಬದುವಿನಲ್ಲಿ ಅವರೆ ಸೊಗಡು. ಕುದುರೆಯ ನಡಿಗೆ ಎಂದರೆ ಗಂಟೆಗೆ ಆರೇಳು ಕಿಲೋಮೀಟರ್, ಅಷ್ಟೇ. ಆದರೆ ಆ ಎತ್ತರದಿಂದ ಬೇಲಿ, ತೋಟ, ಕೆರೆ ಏರಿ ಎಲ್ಲ ಬೇರೆಯೇ ಕಾಣಿಸುತ್ತದೆ. ನಿಮಗೆ ಈ ಆಸೆ ಬಂದದ್ದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಒಂದು ಗಂಟೆಯಾದ ಮೇಲೆ ಒಂದು ಊರಲ್ಲಿ ಟೀ ಕುಡಿಯಲು ನಿಂತೆವು. ಇಲ್ಲೇ ನನ್ನ ತಪ್ಪು ಆಗಿದ್ದು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ನಿಮಗೂ ಆಗಬಹುದು.

ನಾವು ಕೂರುವ ಜೀನು ಕುದುರೆಯ ಬೆನ್ನ ಮೇಲೆ ನಿಲ್ಲುವುದು ಹೊಟ್ಟೆಯಡಿ ಬಿಗಿಯುವ ಒಂದು ಪಟ್ಟಿಯಿಂದ. ಗರ್ತ್ ಅಂತಾರೆ. ಇಳಿದು ನಿಂತಾಗ ಅದನ್ನು ಒಂದೆರಡು ತೂತು ಸಡಿಲ ಮಾಡುವುದು ಒಳ್ಳೆಯ ಅಭ್ಯಾಸ, ಕುದುರೆಗೆ ಹಾಯೆನಿಸುತ್ತದೆ. ನಾನೂ ಮಾಡಿದೆ. ಮತ್ತೆ ಹೊರಡುವಾಗ ಬಿಗಿಯಲಿಲ್ಲ. ಸುತ್ತ ಮಕ್ಕಳು ಸೇರಿದ್ದರು, ಒಬ್ಬ ಹುಡುಗ ಹಣೆ ಮುಟ್ಟಬಹುದಾ ಅಂತ ಕೇಳುತ್ತಿದ್ದ. ಅವನ ಕೈ ಹಿಡಿದು ಮುಟ್ಟಿಸಿದೆ. ಅಷ್ಟರಲ್ಲಿ ಮೇಷ್ಟ್ರು ಹೊರಡೋಣ ಅಂದರು.

ನೆಲದಿಂದ ಹತ್ತಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಜೀನಿನಿಂದ ಜೋತಾಡುವ ಕಾಲಿಡುವ ಬಳೆಗೆ ರಿಕಾಪು ಅಂತಾರೆ, ಅದರಲ್ಲಿ ಕಾಲಿಟ್ಟು ಮೈಭಾರ ಹಾಕಿದ ಕೂಡಲೇ ಸಡಿಲವಾದ ಜೀನು ನಮ್ಮ ಕಡೆಗೆ ಜಾರುತ್ತದೆ. ನಾನು ಮೋರಿ ಕಟ್ಟೆಯ ಮೇಲೆ ನಿಂತು ಹತ್ತಿದೆ. ಎತ್ತರದಿಂದ ಹತ್ತಿದರೆ ಕುದುರೆಯ ಬೆನ್ನಿಗೆ ಎಳೆತ ಕಡಿಮೆ, ಅದೂ ಒಳ್ಳೆಯದೇ. ಆದರೆ ನನ್ನ ಮರೆವು ಅದರಿಂದಲೇ ಮುಚ್ಚಿಹೋಯಿತು. ಜೀನು ಅಲುಗಲಿಲ್ಲ. ನೇರ ದಾರಿಯಲ್ಲಿ ಇಪ್ಪತ್ತು ನಿಮಿಷ ಏನೂ ತಿಳಿಯಲಿಲ್ಲ.

ಆಮೇಲೆ ಒಂದು ಕಣದ ಹತ್ತಿರ ರಾಗಿ ಮೆದೆಗೆ ಹೊದಿಸಿದ್ದ ನೀಲಿ ಟಾರ್ಪಾಲು ಗಾಳಿಗೆ ಪಟ್ ಅಂದಿತು. ಕುದುರೆ ಒಂದೇ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿತು. ಓಡಲಿಲ್ಲ, ಒದೆಯಲಿಲ್ಲ. ಎಷ್ಟೇ ಶಾಂತ ಕುದುರೆಯಾದರೂ ಅಷ್ಟು ಬೆಚ್ಚುತ್ತದೆ. ಪಟ್ಟಿ ಬಿಗಿಯಾಗಿದ್ದರೆ ನಾನು ಸ್ವಲ್ಪ ವಾಲಿ ಸರಿಯಾಗುತ್ತಿದ್ದೆ. ಜೀನು ಪೂರ್ತಿ ಪಕ್ಕಕ್ಕೆ ಹೊರಳಿತು, ಅದರ ಜೊತೆ ನಾನೂ. ಬಲ ಭುಜ ಮೊದಲು ನೆಲಕ್ಕೆ ಬಡಿಯಿತು. ಕಾಲರ್ ಬೋನ್ ಮುರಿದು ಆರು ವಾರ ಕೈ ಜೋಲಿಯಲ್ಲಿತ್ತು. ಹಿಮ್ಮಡಿ ಇರುವ ಶೂ ಹಾಕಿದ್ದರಿಂದ ಕಾಲು ರಿಕಾಪಿನೊಳಗೆ ಪೂರ್ತಿ ಜಾರದೆ ಬಿಡಿಸಿಕೊಂಡಿತು. ಸಿಕ್ಕಿಕೊಂಡಿದ್ದರೆ ನನ್ನನ್ನು ಎಳೆದುಕೊಂಡು ಹೋಗುತ್ತಿತ್ತು. ಹೆಲ್ಮೆಟ್ ಇತ್ತು. ಅದಿಲ್ಲದೆ ಹತ್ತಲೇಬೇಡಿ.

ಕಣದಲ್ಲಿದ್ದ ಒಬ್ಬ ಅಜ್ಜ ಓಡಿಬಂದು ಲಗಾಮು ಹಿಡಿದರು. ಹೊಟ್ಟೆಯಡಿ ಜೋತುಬಿದ್ದಿದ್ದ ಜೀನು ನೋಡಿ, "ಗಾಡಿ ಕಟ್ಟೋವಾಗ ನಾವು ಹಗ್ಗ ಎಲ್ಡ್ ಸತಿ ಎಳ್ದು ನೋಡ್ತೀವಿ ಕಣಪ್ಪಾ" ಅಂದರು. ಬೈಯಲಿಲ್ಲ. ನಾನು ಅವತ್ತಿಂದ ಮೂರು ಸಲ ನೋಡುತ್ತೇನೆ. ಹತ್ತುವ ಮುಂಚೆ ಒಂದು ಸಲ. ಹತ್ತು ನಿಮಿಷ ನಡೆಸಿದ ಮೇಲೆ ಇನ್ನೊಂದು ಸಲ, ಯಾಕೆಂದರೆ ಪಟ್ಟಿ ಕಟ್ಟುವಾಗ ಎಷ್ಟೋ ಕುದುರೆಗಳು ಮೈ ಬಿಗಿಹಿಡಿದು ಹೊಟ್ಟೆ ಉಬ್ಬಿಸುತ್ತವೆ, ಆಮೇಲೆ ಸಡಿಲ ಬಿಡುತ್ತವೆ. ಎಲ್ಲೇ ಇಳಿದರೂ ಮತ್ತೆ ಹತ್ತುವ ಮುಂಚೆ ಮೂರನೇ ಸಲ. ಪಟ್ಟಿಗೂ ಹೊಟ್ಟೆಗೂ ನಡುವೆ ಎರಡು ಬೆರಳು ಸ್ವಲ್ಪ ಬಿಗಿಯಾಗಿ ಹೋಗಬೇಕು. ಇಡೀ ಅಂಗೈ ಸಲೀಸಾಗಿ ಹೋದರೆ ಹತ್ತಬೇಡಿ.

ಶಾಂತ ಕುದುರೆ ಹುಡುಕುವುದನ್ನು ಬಿಡಿ. ಕಲಿಸುವ ಜಾಗ ಹುಡುಕಿ. ಒಂದು ದಿನದ ಸವಾರಿಗೆ ದುಡ್ಡು ತೆಗೆದುಕೊಂಡು ಹೊಸಬರನ್ನು ಕಲಿಸದೆ ನೇರವಾಗಿ ದಾರಿಗೆ ಇಳಿಸುವ ಜಾಗಕ್ಕೆ ಹೋಗಲೇಬೇಡಿ ಅನ್ನುತ್ತೇನೆ. ನಿಲ್ಲಿಸುವುದು, ತಿರುಗಿಸುವುದು, ಬೆಚ್ಚಿದಾಗ ಮೈ ಸಡಿಲವಾಗಿಡುವುದು ಬರಬೇಕು. ಅದಕ್ಕೆ ಕಡಿಮೆ ಅಂದರೂ ಹತ್ತು ಹನ್ನೆರಡು ಕ್ಲಾಸ್ ಬೇಕು. ಭಯವಾದಾಗ ಹೊಸಬರು ಲಗಾಮು ಎಳೆಯುತ್ತಾರೆ, ಜೊತೆಗೇ ಕಾಲುಗಳಿಂದ ಹೊಟ್ಟೆ ಅಮುಕುತ್ತಾರೆ. ನಿಲ್ಲು, ಹೋಗು ಅಂತ ಎರಡನ್ನೂ ಒಟ್ಟಿಗೆ ಹೇಳಿದ ಹಾಗೆ. ಪಾಪ, ಕುದುರೆ ಏನು ಮಾಡಬೇಕು? ಇನ್ನು ವಾಪಸ್ ಬರುವಾಗ ಲಾಯದ ದಾರಿ ಕಂಡರೆ ಕುದುರೆ ತಾನಾಗಿ ಬೇಗ ಬೇಗ ನಡೆಯುತ್ತದೆ. ಆಗ ಓಡಿಸಬೇಡಿ, ಕೊನೆಯ ಒಂದು ಕಿಲೋಮೀಟರ್ ನಡಿಗೆಯೇ ಇರಲಿ. ದಾರಿಯಲ್ಲಿ ಹೊಲಕ್ಕೆ ಬಾಯಿ ಹಾಕಲೂ ಬಿಡಬೇಡಿ. ರೈತರ ಬೆಳೆ ಅದು. ಕುದುರೆಗೆ ವಾಂತಿ ಮಾಡಲು ಬರಲ್ಲ, ತಿನ್ನಬಾರದ್ದು ತಿಂದರೆ ಹೊಟ್ಟೆನೋವಿನಿಂದ ಸಾಯಲೂಬಹುದು.

ಮೊದಲ ದಿನ ಅರ್ಧ ಗಂಟೆ ಮುಂಚೆಯೇ ಲಾಯಕ್ಕೆ ಹೋಗಿ. ಹಿಂದಿನಿಂದ ಹೋಗಬೇಡಿ, ಕುದುರೆಗೆ ನೇರ ಹಿಂದೆ ಇರುವುದು ಕಾಣಿಸಲ್ಲ. ಭುಜದ ಕಡೆಯಿಂದ ಮಾತಾಡಿಸುತ್ತಾ ಹೋಗಿ. ಜೀನು ಕಟ್ಟುವ ಕುದುರೆ ಆಳಿನ (ಸೈಸ್ ಅಂತಾರೆ) ಪಕ್ಕ ನಿಂತು, "ಅಣ್ಣಾ, ಪಟ್ಟಿ ನಾನೇ ಬಿಗಿಯುತ್ತೇನೆ, ಸರಿ ಇದೆಯಾ ನೋಡಿ" ಅಂತ ಕೇಳಿ.