ಡೈರೆಕ್ಟರಿ, ನಿಘಂಟುಗಳಿಂದ ಮಾಹಿತಿ ನಕಲು ಮಾಡಿದರೆ ಕಾಪಿರೈಟ್ ಉಲ್ಲಂಘನೆ ಆಗುತ್ತದಾ?

ಅಮೆರಿಕದಲ್ಲಾದರೆ, ಬರೀ ಮಾಹಿತಿ ತೆಗೆದುಕೊಂಡರೆ ಆಗಲ್ಲ. 1991ರ ಫೈಸ್ಟ್ ತೀರ್ಪು ನೋಡಿ. ಕ್ಯಾನ್ಸಸ್‌ನ ರೂರಲ್ ಎಂಬ ಟೆಲಿಫೋನ್ ಕಂಪನಿ, ನಕಲು ಮಾಡುವವರನ್ನು ಹಿಡಿಯಲೆಂದೇ ತನ್ನ ಡೈರೆಕ್ಟರಿಯಲ್ಲಿ ಸುಳ್ಳು ಹೆಸರುಗಳನ್ನು ಸೇರಿಸಿತ್ತು, ಅವುಗಳಲ್ಲಿ 4 ಫೈಸ್ಟ್ ಕಂಪನಿಯ ಡೈರೆಕ್ಟರಿಯಲ್ಲೂ ಹಾಗೇ ಅಚ್ಚಾಗಿದ್ದವು! ಕದ್ದದ್ದು ಸಿಕ್ಕಿಬಿತ್ತು. ಆದರೂ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿದ್ದು ಫೈಸ್ಟ್. ಯಾಕೆಂದರೆ ಬೆವರು ಸುರಿಸಿದ ಮಾತ್ರಕ್ಕೆ ಕಾಪಿರೈಟ್ ಸಿಗಲ್ಲ, ಆಯ್ಕೆಯಲ್ಲೋ ಜೋಡಣೆಯಲ್ಲೋ ಚೂರಾದರೂ ಸ್ವಂತಿಕೆ ಬೇಕು. ಹೆಸರುಗಳನ್ನು ಅಕ್ಷರ ಕ್ರಮದಲ್ಲಿ ಇಡುವುದು ಯಾರಾದರೂ ಮಾಡುವ ಕೆಲಸ ಅಲ್ವಾ? ನನಗಂತೂ ಇದು ಸರಿ ಅನಿಸುತ್ತದೆ, ಫೋನ್ ನಂಬರುಗಳಿಗೆ ಒಬ್ಬರೇ ಮಾಲೀಕರಾಗಬಾರದು. ಆದರೆ ನಿಘಂಟಿನ ವಿಷಯ ಬೇರೆ. ಪದದ ಅರ್ಥ ಎಲ್ಲರದು, ಅದನ್ನು ವಿವರಿಸಿದ ವಾಕ್ಯ, ಕೊಟ್ಟ ಉದಾಹರಣೆ ಬರೆದವರದು. ಅದನ್ನು ಸಾಲುಸಾಲಾಗಿ ಎತ್ತಿಕೊಂಡರೆ ಕೇಸು ಬೀಳಬಹುದು.